ಕಪ್ಪೆಗೂ ಒಂದು ಹಾಜರಿ ಪುಸ್ತಕ ಬೇಕು

ಮಳೆ ಬರದಿದ್ದರೆ ಹಿರಿಯರು ಕಪ್ಪೆಗೆ ಮದುವೆ ಮಾಡುತ್ತಾರೆ. ಮಳೆ ಬಂದ ಮೇಲೆ ನಾವು ಹುಡುಗರು ಅದೇ ಕಪ್ಪೆಗೆ ಕಲ್ಲು ಹೊಡೆಯುತ್ತೇವೆ. ನಾನೂ ಹೊಡೆದಿದ್ದೇನೆ. ಇದು ಯಾವ ನ್ಯಾಯ, ಗೆಳೆಯರೇ?

"ಕಪ್ಪೆ ಬಗ್ಗೆ ಓದೋದೇನೈತೆ?" ಅಂತ ಕೆಲವರು ನಗುತ್ತಾರೆ. ಓದುವುದು ಬಹಳ ಐತೆ. ಸಿ.ಆರ್. ನಾರಾಯಣರಾವ್ (1882–1960) ಎಂಬ ವಿಜ್ಞಾನಿ ಹೈಸ್ಕೂಲು ಓದಿದ್ದು ನಮ್ಮ ಬಳ್ಳಾರಿಯಲ್ಲಿ. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದರು. 1937ರಲ್ಲಿ ಪಶ್ಚಿಮ ಘಟ್ಟದ ಅನೇಕ ಹೊಸ ಕಪ್ಪೆಗಳ ಬಗ್ಗೆ ಬರೆದರು. ಅವರು ಬಾಟಲಿಯಲ್ಲಿ ಕಾದಿಟ್ಟ ಮಾದರಿಗಳು ಆಮೇಲೆ ಕಳೆದುಹೋದವು. ಅವರು ಹೆಸರಿಟ್ಟ ಕಪ್ಪೆಗಳನ್ನು ಗುರುತಿಸಲು ನಂತರದವರು ಬಹಳ ಕಷ್ಟಪಡಬೇಕಾಯಿತು. ಆದರೆ ಅವರು ಬರೆದಿಟ್ಟದ್ದು ಉಳಿಯಿತು. 2010ರಲ್ಲಿ ಒಂದು ಪೊದೆಗಪ್ಪೆ ಗುಂಪಿಗೆ ಅವರ ನೆನಪಿನಲ್ಲಿ 'ರಾವೋರ್ಕೆಸ್ಟಿಸ್' ಎಂದು ಹೆಸರಿಟ್ಟರು.

"ಅದೆಲ್ಲಾ ಮಲೆನಾಡಿನ ಮಾತು, ನಮ್ಮದು ಬರದ ಸೀಮೆ" ಎನ್ನಬೇಡಿ. ಬರದ ಸೀಮೆಯ ಕಪ್ಪೆಯೇ ಹೆಚ್ಚು ಜಾಣ. ಬಿಲ ತೋಡುವ ಕಪ್ಪೆಗೆ ಹಿಂಗಾಲಿನಲ್ಲಿ ಸಲಿಕೆಯಂಥ ಗಟ್ಟಿ ಗಂಟು ಇರುತ್ತದೆ. ಅದರಿಂದ ಹಿಂದಹಿಂದಕ್ಕೆ ಮಣ್ಣು ತೋಡಿ ಒಳಗೆ ಸೇರಿ ಬೇಸಿಗೆ ಕಳೆಯುತ್ತದೆ. ಮೊದಲ ದೊಡ್ಡ ಮಳೆಗೆ ಗೂಳಿಗಪ್ಪೆಯ ಗಂಡು ಅರಿಶಿನ ಬಳಿದುಕೊಂಡಂತೆ ಹಳದಿಯಾಗಿ ವಟಗುಟ್ಟುತ್ತದೆ. ಮದುಮಗ ಅಂದರೆ ಅದೇ!

ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ಆದ್ದರಿಂದ ಹೊಲಕ್ಕೆ ಹೊಡೆದ ಎಣ್ಣೆ ಹಳ್ಳದ ನೀರಿಗೆ ಸೇರಿದರೆ ಮೊದಲು ಪೆಟ್ಟು ಬೀಳುವುದು ಅದಕ್ಕೆ. ಬೆಳೆ ತಿನ್ನುವ ಹುಳ ಹಿಡಿಯುವ ಕೂಲಿಯಿಲ್ಲದ ಆಳು ಅದು. ಇದಕ್ಕಾಗಿಯೇ 1987ರಲ್ಲಿ ಸರ್ಕಾರ ಕಪ್ಪೆ ಕಾಲಿನ ರಫ್ತು ನಿಲ್ಲಿಸಿತು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಸಂತೋಷವೇ. ಅಲ್ಲಿ ಹಕ್ಕಿ ಎಣಿಸಲು ಜನ ಬರುತ್ತಾರೆ. ನಮ್ಮೂರ ಕೆರೆಯ ಕಪ್ಪೆ ಎಣಿಸುವವರು ಯಾರು?

ನನ್ನ ಅಭಿಪ್ರಾಯ ಇಷ್ಟೇ. ಕಪ್ಪೆ ಕೊಯ್ಯುವುದು ಬೇಡ, ಹಿಡಿಯುವುದೂ ಬೇಡ. ಶಾಲೆಯಲ್ಲಿ ಒಂದು ನೋಟ್‌ಬುಕ್ ಇಡೋಣ. ಮಳೆ ಬಂದ ತಾರೀಕು, ಮೊದಲು ಕಪ್ಪೆ ಕೂಗಿದ ರಾತ್ರಿ, ಎಷ್ಟು ಬಗೆಯ ಕೂಗು, ಇಷ್ಟು ಬರೆದರೆ ಸಾಕು. ಕತ್ತಲಲ್ಲಿ ಕೆರೆಗೆ ಹೋಗಬೇಕಿಲ್ಲ, ಅಂಗಳದಲ್ಲಿ ಕೂತೇ ಕೇಳಬಹುದು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಶಾಲೆಗಳೂ ಹೀಗೇ ಬರೆದರೆ ಹತ್ತು ವರ್ಷಕ್ಕೆ ಅದೇ ದೊಡ್ಡ ಪುಸ್ತಕ.

ಗುರುಗಳು ಒಪ್ಪಿದರೆ ಮೊದಲ ಪುಟ ನಾನು ಬರೆಯುತ್ತೇನೆ. ಕಲ್ಲು ಮಾತ್ರ ಇವತ್ತೇ ಕೆಳಗಿಡೋಣ.