ಮಾತಿಗಿರುವ ನಂಬಿಕೆ ಕಾಗದಕ್ಕೂ ದೊರೆಯಲಿ

ಪುರವರ, ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ವ್ಯಾಪಾರ ಬಹುಕಾಲದಿಂದ ಮಾತಿನ ಮೇಲೆ ನಡೆದುಬಂದಿದೆ. ಹುಣಸೆಹಣ್ಣಿಗೆ, ಕಡಲೆಕಾಯಿಗೆ ಮಂಡಿಯವರು ಕೊಡುವ ಮುಂಗಡವಾಗಲಿ, ಅಕ್ಕಿರಾಂಪುರದ ಕುರಿ ಸಂತೆಯಲ್ಲಿ ಕುದುರುವ ವ್ಯವಹಾರವಾಗಲಿ, ಪತ್ರಕ್ಕಿಂತ ಮನುಷ್ಯನ ನಡತೆಯನ್ನೇ ಆಧರಿಸಿದೆ. ಬಾಕಿಯನ್ನು ಹೇಳಿದ ದಿನಕ್ಕೆ ತೀರಿಸಿದವನಿಗೆ ಮರುವರ್ಷವೂ ಸರಕು ಸಿಗುತ್ತದೆ. ಈ ಅಳತೆಗೋಲಿನಿಂದ ನೋಡಿದರೆ ರಾಜ್ಯದ ಟಿಬೆಟನ್ ನಿರಾಶ್ರಿತ ವ್ಯಾಪಾರಿಗಳು ಯಾರಿಗೂ ಕಡಿಮೆಯವರಲ್ಲ. ಆದರೂ ಕಾನೂನಿನ ದೃಷ್ಟಿಯಲ್ಲಿ ಅವರಲ್ಲಿ ಅನೇಕರು ಇಂದಿಗೂ ವಿದೇಶಿಯರಾಗಿಯೇ ಉಳಿದಿದ್ದಾರೆ.

1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದ ನಂತರ ಸಾವಿರಾರು ಟಿಬೆಟನ್ನರು ಅವರನ್ನು ಹಿಂಬಾಲಿಸಿದರು. ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳಲ್ಲಿಯೂ ಶಿಬಿರಗಳು ಸ್ಥಾಪನೆಯಾದವು. ಕಾಡು ಕಡಿದು ಮೆಕ್ಕೆಜೋಳ ಬೆಳೆದ ಕುಟುಂಬಗಳಿಗೆ ಬೇಸಾಯದ ಆದಾಯ ಸಾಲದೆ ಹೋದಾಗ, ಅನೇಕರು ಚಳಿಗಾಲದ ಸ್ವೆಟರ್ ವ್ಯಾಪಾರಕ್ಕೆ ಇಳಿದರು. ಲೂಧಿಯಾನದ ತಯಾರಕರಿಂದ ಉದ್ದರಿಯಾಗಿ ಮಾಲು ತಂದು, ದೇಶದ ಊರೂರುಗಳಲ್ಲಿ ಮಾರಿ, ಹಂಗಾಮು ಮುಗಿದೊಡನೆ ಲೆಕ್ಕ ಚುಕ್ತಾ ಮಾಡುವುದು ಅವರ ರೂಢಿ. ಇದರಿಂದ ಲೂಧಿಯಾನದ ಸಣ್ಣ ತಯಾರಕರಿಗೂ ವರ್ಷ ವರ್ಷ ತಪ್ಪದ ಗಿರಾಕಿಗಳು ದೊರೆತಿದ್ದಾರೆ. ಬೈಲಕುಪ್ಪೆಯ ಸ್ವರ್ಣಮಂದಿರಕ್ಕೆ ಬರುವ ಪ್ರವಾಸಿಗರಿಂದ ಪಕ್ಕದ ಕುಶಾಲನಗರದ ಹೋಟೆಲು, ಅಂಗಡಿ, ಬಾಡಿಗೆ ವಾಹನಗಳವರಿಗೂ ಸಂಪಾದನೆಯಾಗಿದೆ.

ಇಷ್ಟಾದರೂ ನಿರಾಶ್ರಿತನು ತನ್ನ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತಿರಬೇಕು. ಅವನು ಉಳುವ ಭೂಮಿ ಗುತ್ತಿಗೆಯದು. ಅದನ್ನು ಅಡವಿಟ್ಟು ಬಂಡವಾಳ ಪಡೆಯುವಂತಿಲ್ಲ. ಭಾರತವು ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿಲ್ಲ; ನಿರಾಶ್ರಿತರಿಗೆಂದೇ ರೂಪಿಸಿದ ಕಾನೂನೂ ದೇಶದಲ್ಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ವ್ಯಾಪ್ತಿಗೂ ಟಿಬೆಟನ್ನರು ಸೇರಲಿಲ್ಲ.

1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಪೌರರು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪಿತ್ತವು. ಆದರೆ ತಂದೆ ತಾಯಿ ಇಬ್ಬರೂ ಟಿಬೆಟ್ಟಿನಲ್ಲಿ ಹುಟ್ಟಿದವರಾಗಿದ್ದರೆ, ಅವರಿಗೆ 1986ರಲ್ಲಿ ಇಲ್ಲಿ ಹುಟ್ಟಿದ ಮಗ ಭಾರತೀಯ. 1988ರಲ್ಲಿ ಅದೇ ಮನೆಯಲ್ಲಿ ಹುಟ್ಟಿದ ಮಗಳು ವಿದೇಶಿ. ಅದರ ಮೇಲೆ, ಪಾಸ್‌ಪೋರ್ಟ್ ಬಯಸುವವರು ನಿರಾಶ್ರಿತ ಶಿಬಿರದಲ್ಲಿ ವಾಸಿಸುತ್ತಿರಬಾರದೆಂಬ ಷರತ್ತನ್ನು 2017ರಲ್ಲಿ ವಿಧಿಸಲಾಯಿತು. ಅಂದರೆ ಪೌರತ್ವದ ಫಲ ಬೇಕಾದರೆ ವೃದ್ಧ ತಂದೆ ತಾಯಿಯರನ್ನೂ ಹುಟ್ಟಿದ ಮನೆಯನ್ನೂ ಬಿಟ್ಟು ಹೊರಡಬೇಕು. ಕುಟುಂಬವನ್ನು ಒಡೆಯುವ ಇಂತಹ ನಿಯಮದಿಂದ ಯಾರಿಗೂ ಲಾಭವಿಲ್ಲ.

ಮಳೆ ಕೈಕೊಟ್ಟಾಗ ಪಾವಗಡ, ಮಧುಗಿರಿಗಳ ಜನರೇ ಬೆಂಗಳೂರಿಗೆ ಗುಳೆ ಹೋಗುವಾಗ ಹೊರಗಿನವರ ಚಿಂತೆ ಏಕೆ ಎಂಬ ಪ್ರಶ್ನೆ ಸಹಜ. ರಸ್ತೆಬದಿಯ ಮಾರಾಟದಿಂದ ಬಾಡಿಗೆ, ತೆರಿಗೆ ಕಟ್ಟುವ ಬಟ್ಟೆ ಅಂಗಡಿಯವರಿಗೆ ಪೆಟ್ಟು ಬೀಳುತ್ತದೆಂಬ ದೂರೂ ಇದೆ. ಈ ದೂರನ್ನು ತಳ್ಳಿಹಾಕಲಾಗದು. ಆದರೆ ಅದಕ್ಕೆ ಪರಿಹಾರ ಪರವಾನಗಿ ಕೊಡುವುದೇ ಹೊರತು ನಿರಾಕರಿಸುವುದಲ್ಲ. ಪರವಾನಗಿ ಪಡೆದವನು ಶುಲ್ಕ ಕಟ್ಟಿ, ನಿಗದಿಯಾದ ಸ್ಥಳದಲ್ಲಿ, ಎಲ್ಲರಂತೆ ನಿಯಮಕ್ಕೊಳಪಟ್ಟು ವ್ಯಾಪಾರ ಮಾಡುತ್ತಾನೆ. ಪತ್ರವಿಲ್ಲದವನು ಅಧಿಕಾರಿಯ ಕೃಪೆಯಲ್ಲಿ ಬದುಕುತ್ತಾನೆ. ಆ ಪದ್ಧತಿ ಮಾರುಕಟ್ಟೆಯನ್ನೇ ಕೆಡಿಸುತ್ತದೆ.

ಪರದೇಶದ ಕಾಗದದ ಬಿಸಿ ಈ ನಾಡಿನ ಕುಟುಂಬಗಳಿಗೂ ಹೊಸದಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ, ಮಕ್ಕಳನ್ನು ಅಲ್ಲಿಗೆ ಕಳುಹಿಸಿದ್ದ, ಕಳುಹಿಸಲು ಸಾಲ ಮಾಡಿದ್ದ ಕನ್ನಡಿಗ ತಂದೆ ತಾಯಿಯರು ಕಳವಳಪಟ್ಟರು. ಅಲ್ಲಿ ತಮ್ಮವರಿಗೆ ನ್ಯಾಯ ಬಯಸುವವರು ಇಲ್ಲಿ ಆರು ದಶಕಗಳಿಂದ ನೆಲೆಸಿರುವವರ ವಿಷಯದಲ್ಲಿ ಬೇರೆ ಮಾತನಾಡುವುದು ಸಲ್ಲದು.

ಕೇಂದ್ರ ಸರ್ಕಾರದ 2014ರ ಟಿಬೆಟನ್ ಪುನರ್ವಸತಿ ನೀತಿಯು ವ್ಯಾಪಾರ ಪರವಾನಗಿ, ದೀರ್ಘಾವಧಿ ಭೂ ಗುತ್ತಿಗೆ, ಸರ್ಕಾರಿ ಯೋಜನೆಗಳ ಸೌಲಭ್ಯಗಳಿಗೆ ಅವಕಾಶ ಕಲ್ಪಿಸಿದೆ. ಅದನ್ನು ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ವಿಳಂಬವಿಲ್ಲದೆ ಪಾಲಿಸುವಂತೆ, ಗುತ್ತಿಗೆ ಪತ್ರವನ್ನು ಬ್ಯಾಂಕುಗಳು ಸಾಲಕ್ಕೆ ಪರಿಗಣಿಸುವಂತೆ, 2017ರ ಷರತ್ತನ್ನು ಕೈಬಿಡುವಂತೆ ವಾಣಿಜ್ಯ ಸಂಸ್ಥೆಗಳು ಸರ್ಕಾರಗಳನ್ನು ಒತ್ತಾಯಿಸಬೇಕು. ಲೂಧಿಯಾನದ ವರ್ತಕರು ಯಾವ ಭದ್ರತೆಯೂ ಇಲ್ಲದೆ ನಂಬಿ ಮಾಲು ಕೊಟ್ಟ ಜನರಿಗೆ ಸರ್ಕಾರವೂ ಅಷ್ಟು ನಂಬಿಕೆ ತೋರಿಸುವುದು ನ್ಯಾಯ. ಈ ಮಾತನ್ನು ವರ್ತಕರೇ ಆಡಿದರೆ ಅದಕ್ಕೆ ಹೆಚ್ಚಿನ ತೂಕ ಬರುತ್ತದೆ.