ಅನ್ಯಲೋಕದ ಜೋಗುಳವೂ ಚಿಕ್ಕರಸಿನಕೆರೆಯ ಜೋಲಿಯೂ

ಇಲ್ಲದ ಲೋಕದಲ್ಲಿ ಇಲ್ಲದ ತಾಯಿಯೊಬ್ಬಳು ಹಾಡುವ ಜೋಗುಳಕ್ಕೆ ಅರ್ಥವೇನು, ಅದೆಲ್ಲ ಮಕ್ಕಳಾಟವಲ್ಲವೆ ಎಂದು ಮೂಗು ಮುರಿಯುವ ಸಾಹಿತ್ಯಪ್ರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. 2022ರಲ್ಲಿ ಕನ್ನಡದ ಮಾತಿನಲ್ಲೂ ತೆರೆಕಂಡ ‘ಅವತಾರ್’ ಚಿತ್ರದ ಎರಡನೆಯ ಭಾಗದಲ್ಲಿ ಪಂಡೋರವೆಂಬ ಕಲ್ಪಿತ ಲೋಕದ ತಾಯಿ ಹಾಡುವ ಹಾಡೊಂದಿದೆ, ಹೆಚ್ಚುಕಡಿಮೆ ಜೋಗುಳವೇ. ಆ ಜನ ಬಾಳಿನ ಘಟನೆಗಳಿಗೆ ಒಂದೊಂದು ಮಣಿ ಪೋಣಿಸಿದ ದಾರ ಇಟ್ಟುಕೊಂಡಿರುತ್ತಾರೆ. ಮಗು ಹುಟ್ಟಿದರೆ ಅದಕ್ಕೂ ಒಂದು ಮಣಿ. ಅವರಾಡುವ ನಾವಿ ಭಾಷೆಯನ್ನು 2009ರ ಮೊದಲ ಚಿತ್ರಕ್ಕಾಗಿ ವ್ಯಾಕರಣಸಮೇತ ಕಟ್ಟಿಕೊಟ್ಟವರು ಪಾಲ್ ಫ್ರಾಮರ್ ಎಂಬ ಭಾಷಾವಿಜ್ಞಾನಿ.

ಅರ್ಥವಾಗದ ಹಾಡೆಂಬ ಆಕ್ಷೇಪ ನಿಲ್ಲತಕ್ಕದ್ದಲ್ಲ. ತೊಟ್ಟಿಲ ಕೂಸಿಗೆ ಕನ್ನಡ ಬರುತ್ತದೆಯೆ? ಮೂರು ತಿಂಗಳ ಮಗುವಿಗೆ ನಮ್ಮ ಮಾತೂ ಒಂದೇ, ಪಂಡೋರದ ಮಾತೂ ಒಂದೇ. ‘ಜೋ ಜೋ’ ಎಂಬುದನ್ನು ಯಾವ ಪಂಡಿತರು ನಿಘಂಟು ತೆರೆದು ಬಿಡಿಸಿದ್ದಾರೆ? ಕೂಸಿಗೆ ದನಿ ಸಾಕು, ತೂಗಾಟ ಸಾಕು. ಮಾತೆಲ್ಲ ತೂಗುವವಳಿಗಾಗಿ.

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯನ್ನು ಕಾಲಭೈರವೇಶ್ವರನಿಂದ, ಅವನ ಬಸವಪ್ಪನಿಂದ ಬಲ್ಲವರು ಅನೇಕರು. ಆ ಹೋಬಳಿಯ ಕಬ್ಬಿನ ಬಯಲಿನಲ್ಲಿ, ಬದುವಿನ ಮರಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿ, ಕಳೆ ಕೀಳುವ ನಡುವೆ ಓಡಿಬಂದು ನಾಲ್ಕು ಸಲ ತೂಗಿ ಹೋಗುವವಳನ್ನು ನೆನೆಯಿರಿ. ಹಳ್ಳಿಯ ಹೆಂಗಸಿನ ಜೋಗುಳದಲ್ಲಿ ಚಂದಿರ ಇಣುಕಿದರೂ ಅವನ ಹಿಂದೆಯೇ ತವರಿಗೆ ಕಳಿಸದ ಅತ್ತೆ ಬರುತ್ತಾಳೆ, ಹೊತ್ತಿಗೆ ಮನೆ ಸೇರದ ಗಂಡ ಬರುತ್ತಾನೆ, ತೀರದ ಸಾಲವೂ ಬರುತ್ತದೆ. ಬೇರೆ ಯಾರ ಮುಂದೆ ಹೇಳಿದರೂ ಮನೆಯಲ್ಲಿ ರಂಪವಾದೀತು. ಕೂಸು ಮಾತ್ರ ಚಾಡಿ ಹೇಳದ ಸಾಕ್ಷಿ.

ಕಲ್ಪಿತ ಜೋಗುಳದ ಮೇಲೆ ನಮ್ಮ ತಕರಾರು ಇಲ್ಲಿಂದ ಹೊರಡುತ್ತದೆ. ಸುಳ್ಳೆಂದು ದೂರುವುದಿಲ್ಲ, ತೀರ ಸಿಹಿಯೆಂದು ದೂರುತ್ತೇವೆ. ಪಂಡೋರದ ದಾರ ಸಾವಿನ ಸಂಗಡವೂ ಬರುತ್ತದೆ, ನಿಜ. ದಣಿವಿಗೊಂದು ಮಣಿ ಮಾತ್ರ ಕಾಣಲಿಲ್ಲ.

ಹಾಲಿವುಡ್ಡನ್ನೇ ಬೈದು ಫಲವಿಲ್ಲ. ನಮ್ಮ ವೇದಿಕೆಗಳ, ಧ್ವನಿಮುದ್ರಿಕೆಗಳ ಜೋಗುಳದಿಂದ ಅತ್ತೆಯನ್ನೂ ಸಾಲವನ್ನೂ ಹೊರಗಟ್ಟಿದವರು ನಾವೇ. ಉಳಿದದ್ದು ಮುತ್ತಿನ ತೊಟ್ಟಿಲು, ಹಿನ್ನೆಲೆಗೆ ಕೊಳಲು. 1933ರಲ್ಲಿ ಅರ್ಚಕ ಬಿ. ರಂಗಸ್ವಾಮಿಯವರು ಇಂದಿನ ಮಂಡ್ಯ ಜಿಲ್ಲೆಗೆ ಸೇರಿದ ಬಂಡಿಹೊಳೆಯನ್ನು ಕುರಿತು ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ ಬರೆದಾಗ ಊರಿನಿಂದ ಹಾಡನ್ನು ಕಿತ್ತು ತೆಗೆಯಲಿಲ್ಲ. ಆ ದಾರಿಯನ್ನು ಬಿಟ್ಟು ನಾವು ಅಲಂಕಾರದ ದಾರಿ ಹಿಡಿದೆವು.

ಆಕಾಶಕ್ಕೂ ಅದನ್ನೇ ಕಳಿಸಿದ್ದಾಯಿತು. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳ ಚಿನ್ನದ ಲೇಪದ ತಟ್ಟೆಗಳಲ್ಲಿ 55 ಭಾಷೆಗಳ ವಂದನೆಗಳಿವೆ, ಕನ್ನಡವೂ ಇದೆ. ಹೆಮ್ಮೆಯ ಮಾತೇ. ಆದರೆ ಅದು ಕನ್ನಡಿಗರ ಪರವಾಗಿ ಹೇಳಿದ ಶುಭಾಶಯ, ಸ್ವಾಗತಭಾಷಣದ ಜಾತಿಯದು. ಅನ್ಯಗ್ರಹದವರು ಕೇಳಿದರೆ, ನಾವು ಸದಾ ಹಾರ ಹಿಡಿದು ನಿಂತ ಜನವೆಂದುಕೊಂಡಾರು. ಒಂದು ಜೋಗುಳ ಹೋಗಿದ್ದರೆ ನಮ್ಮ ಮನೆಯ ಒಳಗಾದರೂ ತಿಳಿಯುತ್ತಿತ್ತು.

ಗ್ರಹಾಂತರದ ಕಥೆ ಬರೆಯುವ ನಮ್ಮ ತರುಣರು ಜೋಗುಳ ಕಟ್ಟಲಿ, ಧಾರಾಳವಾಗಿ ಕಟ್ಟಲಿ. ಕಟ್ಟುವ ಮುನ್ನ ಆ ಗ್ರಹದಲ್ಲಿ ಕಳೆ ಕೀಳುವವರು ಯಾರು, ಅವಳಿಗೆ ಕೂಲಿ ಎಷ್ಟು, ತವರು ಎಷ್ಟು ದೂರ ಎಂದು ವಿಚಾರಿಸಿಕೊಳ್ಳಲಿ. ಚಿಕ್ಕರಸಿನಕೆರೆಯ ಕಡೆಗೆ ಹಾಡು ಸಂಗ್ರಹಿಸಲು ಹೋಗುವವರು ಅತ್ತೆಯ ಸಾಲನ್ನು ಬಿಡದೆ ಬರೆದುಕೊಳ್ಳಲಿ. ಹಾಡಿದವಳು ಒಪ್ಪಿದರೆ ಅವಳ ಹೆಸರನ್ನೂ.