ಶೀಳಫಾಟಾಕ್ಕೂ ಸಿದ್ದಾಪುರಕ್ಕೂ ಒಂದೇ ಗಾಡಿ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಕನ್ನಡಿಗರು ನಾಲ್ಕು ಜನ ಸೇರಿದರೆ ಹಿಂದೆ ಫ್ಲಾಟಿನ ಚದರಡಿಯ ಮಾತು ಬರುತ್ತಿತ್ತು. ಈಗ ಗಾಡಿಯ ಮಾತು ಬರುತ್ತದೆ. ಊರಿನ ಮಣ್ಣಿನ ದಾರಿಯನ್ನೂ ಹತ್ತಬೇಕು, ಇಲ್ಲಿಯ ನಿತ್ಯದ ಓಡಾಟಕ್ಕೂ ಒದಗಬೇಕು, ಅಂಥದು ಯಾವುದು? ಥಾರೋ, ಜಿಮ್ನಿಯೋ, ಗೂರ್ಖಾವೋ? ಹದಿನೈದು ಇಪ್ಪತ್ತು ಲಕ್ಷದ, ಏಳು ವರ್ಷ ಕಂತು ಕಟ್ಟಬೇಕಾದ ಈ ನಿರ್ಧಾರವನ್ನು ಬಹುಪಾಲು ಮಂದಿ ಕೆಸರು ಸಿಡಿಸುತ್ತ ಗುಡ್ಡ ಏರುವ ಎರಡು ನಿಮಿಷದ ವಿಡಿಯೋ ನೋಡಿ ಕೈಗೊಳ್ಳುತ್ತಾರೆ. ನನ್ನ ಮಟ್ಟಿಗೆ ಗಾಡಿಯ ಹೆಸರು ಕೊನೆಗೆ ಬರಬೇಕಾದದ್ದು; ಮೊದಲು ಬರಬೇಕಾದದ್ದು ದಿನಗಳ ಲೆಕ್ಕ.

ನನ್ನಂಥ ಕೇಂದ್ರ ಸರ್ಕಾರಿ ನೌಕರನಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, 8 ದಿನ ಸಾಂದರ್ಭಿಕ ರಜೆ. ಮಕ್ಕಳ ಪರೀಕ್ಷೆ, ಬಂಧುಗಳ ಮದುವೆ, ಜ್ವರ ಎಲ್ಲವನ್ನೂ ಕಳೆದು ಊರಿನ ಪಾಲಿಗೆ ಉಳಿಯುವುದು ಹೆಚ್ಚೆಂದರೆ ಹದಿನೈದು ದಿನ. ಸ್ವಂತ ಕಾರಿನಲ್ಲಿ ಹೋದರೆ ಎಲ್‌ಟಿಸಿಯೂ ಸಿಗದು, ಅದು ಬೇರೆ ಮಾತು. ಡೊಂಬಿವಲಿಯಿಂದ ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಶಿರಸಿ-ಸಿದ್ದಾಪುರದ ಸೀಮೆಗೆ ಹೋಗುವವರನ್ನೇ ತೆಗೆದುಕೊಳ್ಳಿ. ಇಡೀ ಪ್ರಯಾಣದಲ್ಲಿ ಡಾಂಬರು ಇಲ್ಲದ ದಾರಿ ಕೊನೆಯ ಒಂದೆರಡು ಕಿಲೋಮೀಟರು ಮಾತ್ರ: ತೋಟಕ್ಕೆ ಇಳಿಯುವ ಕೆಮ್ಮಣ್ಣಿನ ಜಾರು, ಮಳೆಗಾಲದಲ್ಲಿ ಧರೆ ಜರಿಯುವ ತಿರುವು, ಹಳ್ಳ ದಾಟುವ ಒಂದು ಮೋರಿ. ಬೇಸಿಗೆ ರಜೆಯಲ್ಲಿ ಹೋಗುವವರಿಗೆ ಅದೂ ಗಟ್ಟಿ ನೆಲವೇ. ಇದಕ್ಕಾಗಿ ಉಳಿದ ಮುನ್ನೂರೈವತ್ತು ದಿನ ನಾವು ಯಾವ ದಾರಿಯಲ್ಲಿ ಓಡಾಡುತ್ತೇವೆ? ಕಲ್ಯಾಣ-ಶೀಳ್ ರಸ್ತೆಯಲ್ಲಿ, ಕಟಾಯಿ ನಾಕಾದಲ್ಲಿ, ಘೋಡಬಂದರ್ ರಸ್ತೆಯಲ್ಲಿ, ಮುಂಬ್ರಾ ಬೈಪಾಸಿನಲ್ಲಿ. ಮೊದಲ ಗೇರು, ಎರಡನೆಯ ಗೇರು, ಮತ್ತೆ ಬ್ರೇಕು. ಕಚೇರಿಗೆ ಲೋಕಲ್ ಟ್ರೇನಿನಲ್ಲಿ ಹೋಗುವ ನಮಗೆ ಗಾಡಿ ಬೇಕಾಗುವುದು ಸ್ಟೇಷನ್ನಿಗೆ ಬಿಡಲು, ಆಸ್ಪತ್ರೆಗೆ, ಭಾನುವಾರದ ಕಾರ್ಯಕ್ರಮಕ್ಕೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಕಾರಿನಲ್ಲಿ ಹೋದವರಿಗೆ ಮೊದಲ ಅಂಕ ಪಾರ್ಕಿಂಗ್ ಹುಡುಕುವುದರಲ್ಲೇ ಮುಗಿದ ಅನುಭವ ಇದ್ದೇ ಇರುತ್ತದೆ.

ಆಫ್‌ರೋಡ್ ವಾಹನವೆಂದರೆ ಏನೆಂಬುದನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎತ್ತರವಾಗಿ ಚೌಕವಾಗಿ ಕಂಡದ್ದಕ್ಕೆಲ್ಲ ಆ ಹೆಸರು ಅಂಟಿಕೊಂಡಿದೆ. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮುಂಬಯಿಯಲ್ಲೇ ಮಹೀಂದ್ರ ಕಂಪನಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನಿಂದ ಇಂದಿನ ಥಾರ್‌ವರೆಗೆ ಈ ವಂಶದ ಲಕ್ಷಣ ಒಂದೇ: ಲ್ಯಾಡರ್ ಫ್ರೇಮ್ ಎಂಬ ಏಣಿಯಾಕಾರದ ಉಕ್ಕಿನ ಚೌಕಟ್ಟು, ಅದರ ಮೇಲೆ ಕೂರಿಸಿದ ಬೇರೆಯೇ ಒಡಲು, ಬೇಕಾದಾಗ ನಾಲ್ಕೂ ಚಕ್ರಕ್ಕೆ ಬಲ ಹಂಚುವ ವ್ಯವಸ್ಥೆ, ಜೊತೆಗೆ ಗಾಡಿಯನ್ನು ಬಸವನಹುಳುವಿನಂತೆ ತೆವಳಿಸಿ ಕಡಿದಾದ ಏರನ್ನು ಹತ್ತಿಸುವ ಲೋ ರೇಂಜ್ ಗೇರು. ಥಾರ್, ಜಿಮ್ನಿ, ಗೂರ್ಖಾಗಳ ಈ ನಾಲ್ಕು ಚಕ್ರದ ಚಾಲನೆಯನ್ನು ಒಣ ಡಾಂಬರಿನ ಮೇಲೆ ಬಳಸುವಂತಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಎರಡನ್ನೂ ಒಂದಕ್ಕೊಂದು ಬಿಗಿದುಬಿಟ್ಟರೆ ಮಣ್ಣಿನಲ್ಲಾದರೆ ಚಕ್ರ ಜಾರಿ ಸರಿಹೊಂದಿಕೊಳ್ಳುತ್ತದೆ, ಗಟ್ಟಿ ರಸ್ತೆಯಲ್ಲಿ ಆ ಬಿಗಿತವೆಲ್ಲ ಗೇರು ಮತ್ತು ಆಕ್ಸಲುಗಳ ಮೇಲೆ ಬೀಳುತ್ತದೆ. ಎಂದರೆ ನಾವು ದುಡ್ಡು ಕೊಟ್ಟು ಕೊಂಡ ಮುಖ್ಯ ಗುಣ ವರ್ಷದ ಮುನ್ನೂರೈವತ್ತು ದಿನ ನಿದ್ರಿಸುತ್ತಿರುತ್ತದೆ, ಅದರ ಭಾರವನ್ನು ಮಾತ್ರ ನಾವು ಹೊತ್ತು ತಿರುಗುತ್ತಿರುತ್ತೇವೆ.

2023ರ ಜನವರಿಯಲ್ಲಿ ಎರಡೇ ಚಕ್ರದ ಚಾಲನೆಯ ಥಾರ್ ಮಾರುಕಟ್ಟೆಗೆ ಬಂತು. ಕಂಪನಿಗೆ ಗಿರಾಕಿಗಳ ಮನಸ್ಸು ಚೆನ್ನಾಗಿ ತಿಳಿದಿತ್ತು: ಹಲವರಿಗೆ ಬೇಕಾದದ್ದು ಜೀಪಿನ ವೇಷ, ಜೀಪಲ್ಲ. ವೇಷ ಇಷ್ಟವಾದರೆ ಕೊಳ್ಳುವುದರಲ್ಲಿ ನನ್ನ ಆಕ್ಷೇಪವಿಲ್ಲ. ಊರಿನ ಜಾರುದಾರಿಯ ನೆಪ ಹೇಳಬಾರದು, ಅಷ್ಟೇ.

ಇನ್ನೊಂದು ನೆಪ ಇದಕ್ಕಿಂತ ಹೆಚ್ಚು ಕೇಳಿಬರುತ್ತದೆ. “ನಮ್ಮ ರಸ್ತೆಗಳೇ ಆಫ್‌ರೋಡ್ ಆಗಿವೆಯಲ್ಲ ಮಾರಾಯರೇ” ಎನ್ನುವುದು. ನಗೆಗೆ ಚೆನ್ನ. ಆದರೆ ಗುಂಡಿ ಬಿದ್ದ ರಸ್ತೆಗೆ ನಾಲ್ಕು ಚಕ್ರದ ಚಾಲನೆಯಿಂದ ಯಾವ ಉಪಕಾರವೂ ಇಲ್ಲ. ಅಲ್ಲಿ ಬೇಕಾದದ್ದು ನೆಲದಿಂದ ಒಂದಿಷ್ಟು ಎತ್ತರ, ದಪ್ಪ ಪಾರ್ಶ್ವದ ಟೈರು, ಪೆಟ್ಟನ್ನು ನುಂಗುವ ಸಸ್ಪೆನ್ಷನ್. ಏಣಿ ಚೌಕಟ್ಟಿನ ಗಾಡಿ ಗುಂಡಿಯಲ್ಲಿ ಮುರಿಯುವುದಿಲ್ಲ ನಿಜ. ಆದರೆ ಒಳಗಿದ್ದವರನ್ನು ಮೊರದಲ್ಲಿ ಅಕ್ಕಿ ಕೇರಿದಂತೆ ಕೇರುತ್ತದೆ. ಹಿಂದಿನ ಸೀಟಿನಲ್ಲಿ ಸೊಂಟನೋವಿನ ಅತ್ತೆಯವರು ಇದ್ದರೆ ಆ ಗಟ್ಟಿತನದ ಬೆಲೆ ಅವರಿಗೆ ಗೊತ್ತಾಗುತ್ತದೆ.

ಈ ನೆಪದಲ್ಲಿ ನನಗೆ ಇನ್ನೂ ಒಂದು ಅಸಮಾಧಾನವಿದೆ. 2018ರ ಮಳೆಗಾಲದಲ್ಲಿ ಕಲ್ಯಾಣದ ರಸ್ತೆಗುಂಡಿಗಳಿಂದಾಗಿ ದ್ವಿಚಕ್ರ ಸವಾರರು ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಗುಂಡಿಗೆ ಉತ್ತರವಾಗಿ ಎತ್ತರದ ಗಾಡಿ ಕೊಂಡವನಿಗೆ ಗುಂಡಿ ಕಾಣುವುದು ನಿಂತುಹೋಗುತ್ತದೆ. ಸೊಸೈಟಿಯಲ್ಲಿ ದೂರಿಗೆ ಸಹಿ ಹಾಕಬಲ್ಲ, ವಾರ್ಡಿನಲ್ಲಿ ದನಿಯೆತ್ತಬಲ್ಲ ಓದಿದ ಕುಟುಂಬಗಳು ಹೀಗೆ ಒಂದೊಂದಾಗಿ ಮೇಲಕ್ಕೇರಿ ಕುಳಿತರೆ ಕೆಳಗೆ ಉಳಿಯುವವರು ರಿಕ್ಷಾದವರು, ಸ್ಕೂಟರಿನವರು, ನಡೆಯುವವರು. ಆರ್. ಕೆ. ನಾರಾಯಣರ ‘ದಿ ಮ್ಯಾನ್-ಈಟರ್ ಆಫ್ ಮಾಲ್ಗುಡಿ’ಯಲ್ಲಿ ವಾಸು ಎಂಬ ದೈತ್ಯ ಜೀಪಿನಲ್ಲಿ ಬಂದಿಳಿಯುತ್ತಾನೆ, ಮುದ್ರಣಾಲಯದ ಬಡಪಾಯಿ ನಟರಾಜನಿಗೆ ಆ ಜೀಪಿನ ಸದ್ದೇ ಭಯ. 1961ರ ಕಾದಂಬರಿ. ನಮ್ಮ ಗಲ್ಲಿಗಳಲ್ಲಿ ರಿಕ್ಷಾದವನ ಬೆನ್ನಿಗೆ ಬಂದು ಹಾರ್ನ್ ಒತ್ತುವ ಎತ್ತರದ ಬಾನೆಟ್ಟುಗಳನ್ನು ಕಂಡಾಗ ನನಗೆ ವಾಸು ನೆನಪಾಗುತ್ತಾನೆ.

ನೀರಿನ ವಿಷಯ ಇನ್ನೂ ಗಂಭೀರ. ಥಾರ್ 650 ಮಿಲಿಮೀಟರು ನೀರಿನಲ್ಲಿ ಸಾಗಬಲ್ಲದು, ಗೂರ್ಖಾ 700 ಎಂದು ಕಂಪನಿಗಳು ಹೇಳುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದದ್ದನ್ನು ಕಂಡ ನಮಗೆ ಈ ಅಂಕಿ ಧೈರ್ಯ ಕೊಡುವುದು ಸಹಜ. ಆದರೆ ಅದು ಗಟ್ಟಿ ತಳದ ಮೇಲೆ ನಿಂತ ನೀರಿನ ಲೆಕ್ಕ. ಹರಿಯುವ ನೀರು ಎರಡು ಅಡಿ ಬಂದರೆ ಭಾರಿ ಗಾಡಿಯನ್ನೂ ತೇಲಿಸಿ ಒಯ್ಯಬಲ್ಲದು. ತೆರೆದ ಮ್ಯಾನ್‌ಹೋಲು ಯಾವ ಕೈಪಿಡಿಯಲ್ಲೂ ಇಲ್ಲ. 2019ರ ಜುಲೈಯಲ್ಲಿ ಉಲ್ಹಾಸ ನದಿ ಉಕ್ಕಿ ಬದಲಾಪುರ-ವಾಂಗಣಿ ನಡುವೆ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸೇ ನಿಂತುಬಿಟ್ಟಿತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಅಂಥ ದಿನ ಮನೆಯಿಂದ ಹೊರಡದಿರುವ ಹಳೆಯ ಮಾರುತಿಯೇ ಉತ್ತಮ ಗಾಡಿ.

ಹಾಗಾದರೆ ಊರಿನ ಆ ಕೊನೆಯ ಎರಡು ಕಿಲೋಮೀಟರು? ಮಲೆನಾಡಿನವರು ಇದಕ್ಕೆ ಎಂದೋ ದಾರಿ ಕಂಡುಕೊಂಡಿದ್ದಾರೆ. ಕೊಲ್ಲೂರಿನಿಂದ ಕೊಡಚಾದ್ರಿಗೆ ಹೋಗುವ ಯಾತ್ರಿಕರು ತಮ್ಮ ಕಾರನ್ನು ಕೆಳಗೇ ಬಿಟ್ಟು ಬಾಡಿಗೆ ಜೀಪು ಹತ್ತುತ್ತಾರೆ. ಕೊಡಗಿನ ಮಾಂದಲಪಟ್ಟಿಯಲ್ಲೂ ಹಾಗೆಯೇ. ಆ ಚಾಲಕರಿಗೆ ಪ್ರತಿಯೊಂದು ಕಲ್ಲಿನ ಗುರುತಿದೆ, ಗಾಡಿಗೆ ಗೀರು ಬಿದ್ದರೆ ದುಃಖವಿಲ್ಲ, ನಮ್ಮ ಬಾಡಿಗೆಯಿಂದ ಅವರ ಸಂಸಾರ ನಡೆಯುತ್ತದೆ. ಊರಿನಲ್ಲಿಯೂ ಮುಖ್ಯರಸ್ತೆಯ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಪಕ್ಕದ ಮನೆಯವರ ಹಳೆಯ ಜೀಪಿನಲ್ಲಿ ಸಾಮಾನು ಸಾಗಿಸುವುದು ಅವಮಾನವೇನಲ್ಲ. ಮುಂಬಯಿಯಿಂದ ಬಂದವನು ಅಂಗಳದವರೆಗೂ ಸ್ವಂತ ಗಾಡಿಯಲ್ಲೇ ಬರಬೇಕೆಂಬ ಹಟದಲ್ಲಿ ಊರಿನ ಮೇಲಿನ ಪ್ರೀತಿ ಎಷ್ಟು, ಪ್ರತಿಷ್ಠೆ ಎಷ್ಟು ಎಂಬುದನ್ನು ಅವರವರೇ ತೂಗಿಕೊಳ್ಳಲಿ. ಗಾಡಿ ಕೊಂಡ ಮೇಲೆ ಊರಿಗೆ ಹೋಗುವ ದಿನಗಳು ಹೆಚ್ಚಾದ ಒಂದು ಮನೆಯನ್ನೂ ನಾನು ಕಂಡಿಲ್ಲ. ರಜೆ ಅಷ್ಟೇ ಇರುತ್ತದಲ್ಲ!

ಇಷ್ಟೆಲ್ಲ ಹೇಳಿದ ಮೇಲೂ ನಿಜವಾದ ಅಗತ್ಯವಿರುವವರು ಇದ್ದಾರೆ: ತಿಂಗಳಿಗೊಮ್ಮೆ ತೋಟ ನೋಡಿಬರಬೇಕಾದವರು, ಮುರಬಾಡದ ಒಳಗೆ ಜಮೀನು ಮಾಡಿದವರು, ಮಳೆಗಾಲದಲ್ಲೇ ವೃದ್ಧ ತಂದೆತಾಯಿಯರ ಬಳಿಗೆ ಓಡಬೇಕಾದವರು. ಅವರಿಗೆ ನನ್ನ ಮೊದಲ ಆಯ್ಕೆ ಜಿಮ್ನಿ. ಅದರ ಅಗಲ 1645 ಮಿಲಿಮೀಟರು. ಐದು ಬಾಗಿಲ ಥಾರ್ ರಾಕ್ಸ್‌ನದು 1870. ಈ ಒಂಬತ್ತು ಇಂಚಿನ ವ್ಯತ್ಯಾಸ ಡೊಂಬಿವಲಿಯ ಗಲ್ಲಿಯಲ್ಲಿ ಎದುರಿನಿಂದ ಟೆಂಪೋ ಬಂದಾಗ ತಿಳಿಯುತ್ತದೆ. ಜಿಮ್ನಿಯಲ್ಲಿ ನಾಲ್ಕು ಚಕ್ರದ ಚಾಲನೆಯಿಲ್ಲದ ಮಾದರಿಯೇ ಇಲ್ಲ, ನೆಲದಿಂದ 210 ಮಿಲಿಮೀಟರು ಎತ್ತರವಿದೆ, ಗಾಡಿ ಹಗುರ. ಕೊರತೆಯೂ ಸ್ಪಷ್ಟ: ನಾಲ್ಕೇ ಜನ, ನಾಲ್ಕೂ ಸೀಟು ತುಂಬಿದರೆ ಸಾಮಾನಿಗೆ ಜಾಗ 208 ಲೀಟರು ಮಾತ್ರ, ಆಟೋಮ್ಯಾಟಿಕ್ ಗೇರಿನದು ಹಳೆಯ ನಾಲ್ಕು ಹಂತದ್ದು. ಊರಿನಿಂದ ತೆಂಗಿನಕಾಯಿ ಮೂಟೆ ತರುವವರು ಯೋಚಿಸಬೇಕು. ಮೂರು ಬಾಗಿಲ ಥಾರ್ ಗಂಡಹೆಂಡತಿ ಇಬ್ಬರೇ ಇರುವವರಿಗೆ ಸರಿ. ರಾಕ್ಸ್ ಐದು ಜನರ ಸಂಸಾರಕ್ಕೆ ಒಪ್ಪುತ್ತದೆ, ನಾಲ್ಕು ಚಕ್ರದ್ದು ಬೇಕೆಂದರೆ ಡೀಸೆಲ್ಲೇ ಕೊಳ್ಳಬೇಕು. ನವಿಮುಂಬಯಿಯ ವಿಶಾಲ ರಸ್ತೆ, ವಿಶಾಲ ಪಾರ್ಕಿಂಗ್ ಇರುವವರ ಗಾಡಿ ಅದು. ಗೂರ್ಖಾ ತೋಟದಲ್ಲೇ ವಾಸಿಸುವವರಿಗೆ.

ತೆರಿಗೆಯ ವಿಚಾರವನ್ನೂ ನೋಡಿಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿಸಿಯವರೆಗಿನ ಪೆಟ್ರೋಲ್ ಅಥವಾ 1500 ಸಿಸಿಯವರೆಗಿನ ಡೀಸೆಲ್ ಕಾರಿಗೆ ಜಿಎಸ್‌ಟಿ ಶೇಕಡಾ 18. ಮಿಕ್ಕ ಪೆಟ್ರೋಲ್, ಡೀಸೆಲ್ ಕಾರುಗಳಿಗೆ 40. ಇದರ ತಮಾಷೆ ನೋಡಿ: 1.5 ಲೀಟರಿನ ಡೀಸೆಲ್ ಎಂಜಿನ್ನಿನ, ಎರಡೇ ಚಕ್ರದ ಥಾರ್ ಸಣ್ಣ ಕಾರಿನ ಸಾಲಿಗೆ ಬರುತ್ತದೆ. ಅಷ್ಟೇ ಉದ್ದದ, ಅದಕ್ಕಿಂತ ಕಿರಿದಾದ ಜಿಮ್ನಿ ಪೆಟ್ರೋಲ್ ಎಂಜಿನ್ನಿನ ಗಾತ್ರದಿಂದಾಗಿ ದೊಡ್ಡ ಕಾರಿನ ಸಾಲಿಗೆ. ವೇಷಕ್ಕೆ ರಿಯಾಯಿತಿ, ಕಸುಬಿಗೆ ದಂಡ.

ಉಳಿದ ನಮ್ಮಂಥವರಿಗೆ ನೆಲದಿಂದ 190-200 ಮಿಲಿಮೀಟರು ಎತ್ತರವಿರುವ ಸಾಧಾರಣ ಕಾರು, ಒಳ್ಳೆಯ ಟೈರು, ಪೂರ್ಣ ಅಳತೆಯ ಸ್ಟೆಪ್ನಿ ಸಾಕು. ಇಷ್ಟಾಗಿಯೂ ಮನಸ್ಸು ಜೀಪಿನ ಕಡೆಗೇ ಎಳೆದರೆ, ಟೆಸ್ಟ್ ಡ್ರೈವಿಗೆ ಗೆಳೆಯರನ್ನು ಕರೆದೊಯ್ಯಬೇಡಿ. ಗಾಡಿಯನ್ನು ನಿಮ್ಮ ಸೊಸೈಟಿಗೇ ತರಿಸಿ, ನಿಮ್ಮ ಜಾಗದಲ್ಲಿ ಹಿಂದಕ್ಕೆ ತೆಗೆದು ನಿಲ್ಲಿಸಿ ನೋಡಿ. ಒಂದರ ಮೇಲೊಂದು ಕಾರು ಎತ್ತಿಡುವ ಯಂತ್ರದ ಪಾರ್ಕಿಂಗ್ ಇದ್ದರೆ ಅದು ಎಷ್ಟು ಎತ್ತರದ, ಎಷ್ಟು ತೂಕದ ಗಾಡಿಯನ್ನು ಹಿಡಿಸುತ್ತದೆಂದು ಸೊಸೈಟಿಯ ಸೆಕ್ರೆಟರಿಯವರನ್ನು ಮೊದಲೇ ಕೇಳಿಕೊಳ್ಳಿ. ಆಮೇಲೆ ಮನೆಯ ಅತಿ ಹಿರಿಯರನ್ನು, ಸೀರೆ ಉಟ್ಟವರಾದರೆ ಸೀರೆಯಲ್ಲೇ, ಹಿಂದಿನ ಸೀಟಿಗೆ ಹತ್ತಿಸಿ ಶೀಳಫಾಟಾದವರೆಗೆ ಹೋಗಿಬನ್ನಿ. ಸಂಜೆ ಏಳರ ಹೊತ್ತಿಗೆ.